ಊಝ್, ಸೀಪ್, ಟ್ರಿಕಲ್, ಲೀಕ್: ಸೋರುವುದೆಲ್ಲ ಒಂದೇ ಬಗೆಯಲ್ಲ

ಪ್ರಶ್ನೆ: ಮೇಡಂ, ನಾನು ಕುಂದಾಪುರ ಕಡೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಸಿವಿಲ್ ಡಿಪ್ಲೊಮಾ ಮುಗಿಸಿ, ಈಗ ಮಂಗಳೂರಿನಲ್ಲಿ ಫ್ಲ್ಯಾಟುಗಳ ದುರಸ್ತಿ ಮತ್ತು ವಾಟರ್‌ಪ್ರೂಫಿಂಗ್ ಮಾಡುವ ಸಂಸ್ಥೆಯೊಂದರಲ್ಲಿದ್ದೇನೆ. ಮನೆಯ ಮಾಲೀಕರಲ್ಲಿ ಹೆಚ್ಚಿನವರು ಗಲ್ಫ್‌ನಲ್ಲೋ ಮುಂಬೈಯಲ್ಲೋ ಇರುವುದರಿಂದ ವರದಿಯನ್ನು ಇಂಗ್ಲಿಷ್‌ನಲ್ಲಿ ಬರೆಯಬೇಕು. ಹೋದ ತಿಂಗಳ ವರದಿಯಲ್ಲಿ ಬಾತ್‌ರೂಮಿನ ಪೈಪ್ ಜಾಯಿಂಟಿನಿಂದ ಬೇಸಿಗೆಯಲ್ಲೂ ನೀರು ಹನಿಯುತ್ತಿದ್ದುದಕ್ಕೆ 'ಊಝ್' ಎಂದು ಬರೆದೆ. ಮಳೆಗಾಲದಲ್ಲಿ ಮಲಗುವ ಕೋಣೆಯ ಗೋಡೆ ಒದ್ದೆಯಾಗಿ ಬಣ್ಣ ಉಬ್ಬಿದ್ದಕ್ಕೆ 'ಲೀಕ್' ಎಂದೆ. ನಿವಾಸಿಗಳಿಂದ ದೂರುಗಳು ಒಂದೊಂದಾಗಿ ಬರುತ್ತಿವೆ ಎನ್ನಲು ಮತ್ತೆ 'ಲೀಕ್' ಎಂದೇ ಬರೆದೆ. ನಮ್ಮ ಹಿರಿಯ ಎಂಜಿನಿಯರ್ ಮೂರಕ್ಕೂ ಕೆಂಪು ಗೆರೆ ಎಳೆದರು. ಸಹೋದ್ಯೋಗಿಯೊಬ್ಬಳ ಬೀಳ್ಕೊಡುಗೆಯ ಕಾರ್ಡಿನಲ್ಲಿ 'ಶಿ ಊಝಸ್ ಕಾನ್ಫಿಡೆನ್ಸ್' ಎಂದು ಬರೆದಾಗಲಂತೂ, ಅದು ಕೀವಿಗೆ ಹೇಳುವ ಮಾತು ಎಂದು ಎಲ್ಲರೆದುರು ನಕ್ಕರು. ಮೊಬೈಲ್‌ನ ನಿಘಂಟಿನಲ್ಲಿ ಊಝ್, ಸೀಪ್, ಟ್ರಿಕಲ್ ಎಲ್ಲಕ್ಕೂ 'ಒಸರು, ಜಿನುಗು' ಎಂದೇ ಇದೆ. ಇವು ನಿಜಕ್ಕೂ ಬೇರೆ ಬೇರೆಯೇ? ಕನ್ನಡ ಮಾಧ್ಯಮದವರಿಗೆ ಈ ಸೂಕ್ಷ್ಮ ದಕ್ಕುವುದೇ ಇಲ್ಲವೇ? ಎಲ್ಲ ಕಡೆಯೂ 'ಫ್ಲೋ ಸ್ಲೋಲಿ' ಎಂದು ಬರೆದು ಪಾರಾಗಬಹುದೇ?
(ಹೆಸರು ಬೇಡ, ಮಂಗಳೂರು)

ಉತ್ತರ: ನಿಮ್ಮ ಕಾಗದದಲ್ಲಿ ಪದಗಳ ಪ್ರಶ್ನೆ ಒಂದು, ಮನಸ್ಸನ್ನು ಕೊರೆಯುತ್ತಿರುವ ಪ್ರಶ್ನೆ ಇನ್ನೊಂದು. ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಗೆಹರಿಯದೆ ಮೊದಲನೆಯದಕ್ಕೆ ಕೈಹಾಕಲು ನಿಮಗೆ ಧೈರ್ಯ ಬಾರದು.

ಈ ಸೂಕ್ಷ್ಮ ಕನ್ನಡ ಮಾಧ್ಯಮದವರಿಗೆ ದಕ್ಕದು ಎಂಬುದು ಶುದ್ಧ ಸುಳ್ಳು. ಎಲ್‌ಕೆಜಿಯಿಂದ ಇಂಗ್ಲಿಷ್‌ನಲ್ಲೇ ಓದಿ ಬಂದ ಹುಡುಗ ಹುಡುಗಿಯರು ನನ್ನ ತರಗತಿಯಲ್ಲಿ ಇದೇ ತಪ್ಪುಗಳನ್ನು ಮಾಡುತ್ತಾರೆ. ನಿಮ್ಮದಕ್ಕಿಂತ ಬಡವಾದ ತಪ್ಪುಗಳು ಅವು, ಏಕೆಂದರೆ ಅವರಲ್ಲಿ ಅನೇಕರಿಗೆ ಗೊತ್ತಿರುವುದು 'ಲೀಕ್' ಒಂದೇ. ನೀವಾದರೋ ಮಾಡು ಸೋರುತ್ತದೆ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಸಂದಿನಲ್ಲಿ ನೀರು ಜಿನುಗುತ್ತದೆ, ಹಲಸಿನ ತೊಟ್ಟಿನಲ್ಲಿ ಮೇಣ ಒಸರುತ್ತದೆ, ಸೂರಿನಿಂದ ಹನಿ ತೊಟ್ಟಿಕ್ಕುತ್ತದೆ, ಅಂಗಳದ ನೀರು ಇಂಗುತ್ತದೆ ಎಂದು ಆಡುವವರ ನಡುವೆ ಬೆಳೆದವರು. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ನೀರು ನುಸುಳುವ ಬಗೆಗಳನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. 'ಮಾಡು ಒಸರುತ್ತಿದೆ' ಎಂದು ನೀವು ಕನಸಿನಲ್ಲೂ ಹೇಳಲಾರಿರಿ. ಅಂದಮೇಲೆ ಸೂಕ್ಷ್ಮ ನಿಮ್ಮಲ್ಲಿ ಇದೆ. ಅದನ್ನು ಇಂಗ್ಲಿಷ್‌ಗೆ ದಾಟಿಸುವಾಗ ನಡುವೆ ಕುಳಿತ ನಿಘಂಟು ಕೈಕೊಟ್ಟಿದೆ, ಅಷ್ಟೆ.

ನಿಘಂಟನ್ನು ಪೂರ್ತಿ ದೂರುವಂತೆಯೂ ಇಲ್ಲ. 1894ರಲ್ಲಿ ಇದೇ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟ್ಟೆಲರ ಕೋಶದಿಂದ ಹಿಡಿದು ನಿಮ್ಮ ಮೊಬೈಲ್‌ನಲ್ಲಿರುವುದರವರೆಗೆ, ಎರಡು ಭಾಷೆಗಳ ನಿಘಂಟುಗಳು ಮುಖ್ಯವಾಗಿ ನೆರವಾಗುವುದು ಓದುವವರಿಗೆ. ಓದುವಾಗ 'ಊಝ್' ಎದುರಾದರೆ 'ಒಸರು' ಎಂದು ತಿಳಿದರೆ ಸಾಕು, ವಾಕ್ಯದ ಉಳಿದ ಪದಗಳು ಕೈಹಿಡಿದು ನಡೆಸುತ್ತವೆ. ಬರೆಯುವಾಗ ಆ ಉಳಿದ ಪದಗಳನ್ನು ಒದಗಿಸಬೇಕಾದವರು ನೀವೇ. ಯಾವ ಕ್ರಿಯಾಪದ ಯಾವುದರ ಜೊತೆ ಬರುತ್ತದೆ ಎಂಬುದನ್ನು ಆ ಒಂದು ಸಾಲಿನ ಅರ್ಥ ಹೇಳುವುದಿಲ್ಲ.

ಈ ಪದಗಳನ್ನು 'ನಿಧಾನವಾಗಿ ಹರಿಯುವುದು' ಎಂಬ ಒಂದೇ ತಲೆಬರಹದಡಿ ಇಟ್ಟಾಗಲೇ ಗೊಂದಲ ಶುರುವಾಗುತ್ತದೆ. ನಿಧಾನ ಎಂಬುದು ಎಲ್ಲಕ್ಕೂ ಸಮಾನ, ಆದ್ದರಿಂದ ಅದನ್ನು ಹಿಡಿದು ಇವುಗಳನ್ನು ಬೇರ್ಪಡಿಸಲಾಗದು. ಇಂಗ್ಲಿಷ್ ಮಾತಾಡುವವರ ಕಿವಿ ಗಮನಿಸುವುದು ಬೇರೆ ಸಂಗತಿಗಳನ್ನು: ಹೊರಬರುವ ವಸ್ತು ತೆಳುವೋ ಮಂದವೋ, ಬರುವ ದಾರಿ ಒಂದು ಬಿರುಕೋ ಅಥವಾ ಮೈಯಲ್ಲೆಲ್ಲ ಇರುವ ಸಣ್ಣ ರಂಧ್ರಗಳೋ, ಅದು ಒಳಗೇ ಇರಬೇಕಾಗಿತ್ತೋ ಹೇಗೆ. ಈ ಕೊನೆಯದಕ್ಕೆ ತೂಕ ಹೆಚ್ಚು.

ನಿಮ್ಮ ಜಾಯಿಂಟನ್ನೇ ನೋಡೋಣ. ಪೈಪಿನ ಕೆಲಸ ನೀರನ್ನು ಒಳಗೆ ಹಿಡಿದಿಡುವುದು. ಅಲ್ಲಿಂದ ಹೊರಬಂದರೆ ಪೈಪ್ ಕೆಟ್ಟಿದೆ ಎಂದರ್ಥ. ಇದು 'ಲೀಕ್'. ಈ ಕ್ರಿಯಾಪದದಲ್ಲಿ ಯಾವಾಗಲೂ ಒಂದು ದೋಷದ ಸೂಚನೆ ಇರುತ್ತದೆ. ಹಿಡಿದಿಡಬೇಕಾದದ್ದು ಹಿಡಿದಿಡಲಿಲ್ಲ. ನಮ್ಮ 'ಸೋರು' ಇದಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ, ವ್ಯಾಕರಣದಲ್ಲಿ ಕೂಡ. ನೀರು ಸೋರುತ್ತದೆ, ಮಾಡೂ ಸೋರುತ್ತದೆ. ಇಂಗ್ಲಿಷ್‌ನಲ್ಲೂ ನೀರು ಲೀಕ್ ಆಗುತ್ತದೆ, ಪೈಪೂ ಲೀಕ್ ಆಗುತ್ತದೆ. ಹನಿ ಹನಿಯಾಗಿ ಬೀಳುವುದು ಕಣ್ಣಿಗೆ ಕಂಡಿದ್ದರೆ 'ಡ್ರಿಪ್' ಎಂದು ಇನ್ನಷ್ಟು ನಿಖರವಾಗಿ ಬರೆಯಬಹುದು. ನಲ್ಲಿಯೂ ಡ್ರಿಪ್ ಆಗುತ್ತದೆ, ನೀರೂ ಡ್ರಿಪ್ ಆಗುತ್ತದೆ.

ಗೋಡೆಯ ಕಥೆ ಬೇರೆ. ಮಳೆಯ ನೀರು ಹೊರಗಿನ ಪ್ಲಾಸ್ಟರಿನ ಕೂದಲೆಳೆಯಂಥ ಬಿರುಕುಗಳಲ್ಲಿ ಇಳಿದು, ಕಲ್ಲಿನ ರಂಧ್ರಗಳಲ್ಲಿ ಹರಡಿ, ಒಳಮೈಗೆ ಬರುತ್ತದೆ. ಬರುವಾಗ ಕಲ್ಲು, ಸಿಮೆಂಟಿನಲ್ಲಿರುವ ಲವಣವನ್ನು ಕರಗಿಸಿ ತರುತ್ತದೆ. ನೀರು ಆರಿದ ಮೇಲೆ ಬಿಳಿ ಪುಡಿ ಉಳಿಯುತ್ತದೆ, ಬಣ್ಣ ಗುಳ್ಳೆಯೆದ್ದು ಸಿಪ್ಪೆಯಂತೆ ಏಳುತ್ತದೆ. ಎಲ್ಲಿಂದ ಬಂತು ಎಂದು ಬೆರಳಿಟ್ಟು ತೋರಿಸಲು ಅಲ್ಲಿ ಒಂದು ತೂತು ಸಿಗದು. ಹೀಗೆ ವಸ್ತುವಿನ ಮೈಯ ಮೂಲಕವೇ, ಕಣ್ಣಿಗೆ ಬೀಳದ ಹಾಗೆ, ದಿನಗಟ್ಟಲೆ ನುಸುಳುವುದು 'ಸೀಪ್'. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು ನೀರು ತಂದು, 2022ರಲ್ಲಿ ಪದ್ಮಶ್ರೀ ಗೌರವ ಪಡೆದರಲ್ಲ, ಅಂಥ ಸುರಂಗದ ಗೋಡೆಯಲ್ಲಿ ಮುರಕಲ್ಲು ಬಿಟ್ಟುಕೊಡುವ ನೀರಿಗೆ ಇಂಗ್ಲಿಷ್‌ನಲ್ಲಿ ಸಲ್ಲುವ ಪದವೂ ಇದೇ. ಅಲ್ಲಿ ಯಾವ ದೋಷವೂ ಇಲ್ಲ. ಆದ್ದರಿಂದ ಸುರಂಗದ ಗೋಡೆ 'ಲೀಕ್' ಆಗುತ್ತದೆ ಎಂದರೆ ಆ ನೀರಿಗೂ ಅದನ್ನು ಹುಡುಕಿದ ದುಡಿಮೆಗೂ ಅಪಚಾರ.

ಇಲ್ಲಿ ಕನ್ನಡಿಗರನ್ನೇ ಕಾಡುವ ಒಂದು ತೊಡಕಿದೆ. ನಾವು ಒಳಕ್ಕೆ ಹೋಗುವುದನ್ನೂ ಹೊರಕ್ಕೆ ಬರುವುದನ್ನೂ ಬೇರೆ ಬೇರೆ ಕ್ರಿಯಾಪದಗಳಲ್ಲಿ ಹೇಳುತ್ತೇವೆ. ಮಣ್ಣಿಗೆ ಇಂಗುತ್ತದೆ, ಕಲ್ಲಿನಿಂದ ಜಿನುಗುತ್ತದೆ. ಇಂಗ್ಲಿಷ್‌ನ 'ಸೀಪ್' ಎರಡೂ ದಿಕ್ಕಿಗೆ ಸಲ್ಲುತ್ತದೆ. ದಿಕ್ಕನ್ನು ಹೇಳುವುದು ಅದರ ಬೆನ್ನಿಗೆ ಬರುವ 'ಇಂಟು', 'ಔಟ್', 'ಥ್ರೂ'ಗಳಂಥ ಸಣ್ಣ ಪದಗಳು. ಅವನ್ನು ಬಿಟ್ಟರೆ ವಾಕ್ಯ ಕುಂಟುತ್ತದೆ. ನಿಮ್ಮ ವೃತ್ತಿಯಲ್ಲಿ ಇನ್ನೊಂದು ಪದವೂ ಬೇಕಾಗುತ್ತದೆ, 'ಪರ್ಕೊಲೇಟ್'. ಜರಡಿಯಂಥದರ ಮೂಲಕ ಕೆಳಗಿಳಿಯುವುದು ಅದರ ಅರ್ಥ. ಲ್ಯಾಟಿನ್‌ನಲ್ಲಿ ಅದರ ಬೇರು ಸೋಸುವ ಜರಡಿಯನ್ನೇ ಹೇಳುತ್ತದೆ. ಕಾಫಿ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವುದು ಹಾಗೆ, ಇಂಗುಗುಂಡಿಯಿಂದ ನೀರು ನೆಲದಾಳಕ್ಕೆ ಇಳಿಯುವುದೂ ಹಾಗೆ. ಇಂಗುಗುಂಡಿಗೆ ಎಂಜಿನಿಯರುಗಳು ಹೇಳುವುದೇ 'ಪರ್ಕೊಲೇಶನ್ ಪಿಟ್' ಎಂದು.

'ಟ್ರಿಕಲ್' ಗೋಡೆಯ ಒಳಗಿನ ಮಾತಲ್ಲ, ಮೇಲ್ಮೈಯ ಮಾತು. ತೆಳುವಾದ ದ್ರವ ಸಣ್ಣ ಗೆರೆಯಾಗಿ ಇಳಿಯುವುದು ಕಣ್ಣಿಗೆ ಕಾಣಬೇಕು. ಕಿಟಕಿ ಗಾಜಿನ ಮೇಲೆ ಮಳೆನೀರು, ಹಣೆಯಿಂದ ಬೆವರು, ಕೆನ್ನೆಯ ಮೇಲೆ ಕಣ್ಣೀರು. 14ನೆಯ ಶತಮಾನದ ಇಂಗ್ಲಿಷ್‌ನಲ್ಲೇ ಈ ಪದ ಕಣ್ಣೀರಿನ ಜೊತೆಗಿದೆ. ನೀರಿನ ಟ್ಯಾಂಕಿನಲ್ಲಿ ಒತ್ತಡವಿಲ್ಲದೆ ನಲ್ಲಿಯಲ್ಲಿ ನೂಲಿನಂತೆ ಬರುತ್ತದಲ್ಲ, ಅದಕ್ಕೆ ಇದು ಹೇಳಿಮಾಡಿಸಿದ ಪದ. 'ಡ್ರಿಬಲ್' ಜೊಲ್ಲಿಗೆ ಮತ್ತು ಫುಟ್‌ಬಾಲ್ ಮೈದಾನಕ್ಕೆ ಇರಲಿ, ನಿಮ್ಮ ವರದಿಗೆ ಬೇಡ.

ಇನ್ನು 'ಊಝ್'. ನಿಮ್ಮ ಎಡವಟ್ಟಿಗೆ ಮೂಲ ಇದೇ, ಕಾರಣವೂ ಸ್ವಾರಸ್ಯದ್ದು. ಇಂಗ್ಲಿಷ್‌ನಲ್ಲಿ ಇದು ಮಂದವಾದದ್ದಕ್ಕೆ ಮೀಸಲು: ಕೆಸರು, ಮೇಣ, ಗಾಯದ ರಸಿಗೆ, ಟ್ಯೂಬಿನಿಂದ ಉಬ್ಬಿ ಬರುವ ಅಂಟು. ಹಳೆಯ ಇಂಗ್ಲಿಷ್‌ನಲ್ಲಿ ಗಿಡದ ರಸವನ್ನು ಹೇಳುವ ಒಂದು ಪದವಿತ್ತು, ತೇವದ ಕೆಸರನ್ನು ಹೇಳುವ ಇನ್ನೊಂದು ಪದವಿತ್ತು. ಕಾಲಕ್ರಮದಲ್ಲಿ ಎರಡರ ಉಚ್ಚಾರಣೆಯೂ ಸವೆದು ಒಂದಾಗಿ ಇಂದಿನ 'ಊಝ್' ಉಳಿಯಿತು. ಸಮುದ್ರದ ತಳದಲ್ಲಿ ಕೂರುವ ನಯವಾದ ಕೆಸರಿಗೂ ಭೂವಿಜ್ಞಾನಿಗಳು ಇದೇ ಹೆಸರು ಹೇಳುತ್ತಾರೆ. ಹಾಗಾಗಿ ಆ ಪದ ಕೇಳಿದ ಕಿವಿಗೆ ಒಂದಿಷ್ಟು ಕೆಸರಿನ ವಾಸನೆ ತಾಕುತ್ತದೆ. ನಮ್ಮ 'ಒಸರು' ಹಾಗಲ್ಲ. ಅದರ ಜೊತೆ ಕೀವು, ರಕ್ತ ಬರುವುದುಂಟು, ಆದರೆ ಜೇನು ಒಸರುತ್ತದೆ, ಎದೆಹಾಲು ಒಸರುತ್ತದೆ, ಮಾತಿನಲ್ಲಿ ಅಕ್ಕರೆ ಒಸರುತ್ತದೆ. ಕನ್ನಡದ ಕಿವಿಯಲ್ಲಿ ಈ ಪದ ಜೇನಿನ ಹತ್ತಿರದ್ದು. ನಿಘಂಟು ಇವೆರಡರ ನಡುವೆ ಸಮ ಚಿಹ್ನೆ ಎಳೆಯಿತು, ನೀವು ಜೇನನ್ನು ಮನಸ್ಸಿನಲ್ಲಿಟ್ಟು ಆ ಇಂಗ್ಲಿಷ್ ಪದವನ್ನು ಕಾರ್ಡಿನ ಮೇಲೆ ಬರೆದಿರಿ.

ಆದರೂ ನಿಮ್ಮನ್ನು ನೋಡಿ ನಕ್ಕದ್ದು ಸರಿಯಲ್ಲ, ನಗುವುದಕ್ಕೆ ಅಲ್ಲಿ ಕಾರಣವೂ ಇರಲಿಲ್ಲ. ಆತ್ಮವಿಶ್ವಾಸದ ಜೊತೆ 'ಊಝ್' ಬಳಸುವುದು ಇಂಗ್ಲಿಷ್‌ನಲ್ಲಿ ರೂಢಿಯಲ್ಲಿದೆ. ಕ್ರೀಡಾ ವರದಿಗಳಲ್ಲಿ, ಜಾಹೀರಾತುಗಳಲ್ಲಿ ಹೊಗಳಿಕೆಯಾಗಿಯೇ ಬರುತ್ತದೆ. ಕರಗಿದ ಚಾಕೊಲೇಟ್ ಊಝ್ ಆಗುವ ಚಿತ್ರ ತೋರಿಸಿ ಕೇಕ್ ಮಾರುವವರೂ ಇದ್ದಾರೆ. ತೊಡಕು ಎಲ್ಲಿ ಎಂದರೆ, ತುಂಬಿ ಹೊರಚೆಲ್ಲುವಷ್ಟು ಇದೆ ಎಂಬ ಅತಿಯ ಭಾವ ಅದರಲ್ಲಿ ಇಣುಕುತ್ತದೆ. ಯಾರಾದರೂ ಮೋಡಿಯನ್ನೋ ಸಹಾನುಭೂತಿಯನ್ನೋ 'ಊಝ್' ಮಾಡುತ್ತಾರೆ ಎಂದರೆ, ಅದು ಒಳಗಿನಿಂದ ಬಂದದ್ದಲ್ಲ, ಮೇಲೆ ಹಚ್ಚಿಕೊಂಡದ್ದು ಎಂಬ ಗುಮಾನಿ ಓದುವವರಿಗೆ ಬರಬಹುದು. ಬೀಳ್ಕೊಡುಗೆಯ ಕಾರ್ಡಿನಲ್ಲಿ ಆ ಗುಮಾನಿಗೆ ಎಡೆ ಬೇಡ ಎನಿಸಿದರೆ 'ಎಕ್ಸ್ಯೂಡ್' ಇದೆ. ಲ್ಯಾಟಿನ್‌ನಲ್ಲಿ ಅದು ಬೆವರುವುದಕ್ಕೆ ಸಂಬಂಧಿಸಿದ ಪದ. ಅದರ ಬೇರು, ಇಂಗ್ಲಿಷ್‌ನ 'ಸ್ವೆಟ್', ಸಂಸ್ಕೃತದಿಂದ ನಮಗೆ ಬಂದ 'ಸ್ವೇದ' ಮೂರೂ ಒಂದೇ ಮೂಲದವು. ಬೆವರಿನಿಂದ ಹುಟ್ಟಿದ ಪದ ಶಿಷ್ಟವಾಗಿ ಉಳಿದು, ಗಿಡದ ರಸದಿಂದ ಹುಟ್ಟಿದ ಪದಕ್ಕೆ ಕೆಸರು ಮೆತ್ತಿಕೊಂಡಿತು. ಪದಗಳು ಮೂಲವನ್ನು ನೆನಪಿಟ್ಟುಕೊಂಡು ಬದುಕುವುದಿಲ್ಲ, ಯಾರ ಸಂಗಡ ಓಡಾಡುತ್ತವೆಯೋ ಅವರ ಬಣ್ಣ ಬಳಿದುಕೊಳ್ಳುತ್ತವೆ. ನಿಘಂಟಿನ ಅರ್ಥಕ್ಕಿಂತ ಈ ಒಡನಾಟವನ್ನು ನೋಡಿ ಎಂದು ವಿದ್ಯಾರ್ಥಿಗಳಿಗೆ ನಾನು ಹೇಳುತ್ತಲೇ ಇರುವುದು ಇದಕ್ಕಾಗಿ.

ದೂರುಗಳ ವಾಕ್ಯಕ್ಕೆ ಬಂದರೆ ಅಲ್ಲಿ ನಿಜವಾದ ಅಪಾಯವಿದೆ. 'ಲೀಕ್' ರೂಪಕವಾದಾಗಲೂ ತನ್ನ ದೋಷದ ಸೂಚನೆಯನ್ನು ಬಿಟ್ಟುಕೊಡುವುದಿಲ್ಲ. ಗುಟ್ಟಾಗಿ ಇರಬೇಕಾದದ್ದು ಹೊರಬಿತ್ತು ಎಂಬ ಈ ಅರ್ಥ ಅದಕ್ಕೆ 19ನೆಯ ಶತಮಾನದಲ್ಲೇ ಅಂಟಿಕೊಂಡಿದೆ. ನಮ್ಮ ಪತ್ರಿಕೆಗಳೂ ಪ್ರಶ್ನೆಪತ್ರಿಕೆ ಸೋರಿಕೆ ಎಂದು ಬರೆಯುತ್ತವೆ. ಸುದ್ದಿ 'ಲೀಕ್ಡ್ ಔಟ್' ಎಂದರೆ ಹೇಗೋ ಹೊರಬಿತ್ತು, 'ವಾಸ್ ಲೀಕ್ಡ್' ಎಂದರೆ ಯಾರೋ ಬೇಕೆಂದೇ ಹೊರಗೆಡವಿದರು. ನಿಮ್ಮ ವರದಿ ಓದಿದ ದುಬೈನ ಮಾಲೀಕರು, ನಿವಾಸಿಗಳ ಖಾಸಗಿ ದೂರುಗಳನ್ನು ಯಾರೋ ಬಹಿರಂಗ ಮಾಡುತ್ತಿದ್ದಾರೆ ಎಂದು ಗಾಬರಿಯಾಗಬಹುದಿತ್ತು. ನೀವು ಹೇಳಹೊರಟದ್ದಕ್ಕೆ 'ಟ್ರಿಕಲ್ ಇನ್' ಸರಿಯಾದ ಪದ. ಬಯಲಾಟದ ರಾತ್ರಿ ಚೆಂಡೆಯ ಸದ್ದು ಕೇಳಿ ಪ್ರೇಕ್ಷಕರು ಒಬ್ಬೊಬ್ಬರಾಗಿ ಬಂದು ಸೇರುತ್ತಾರಲ್ಲ, ಅದನ್ನೂ ಇಂಗ್ಲಿಷ್‌ನವರು ಹೀಗೇ ಹೇಳುತ್ತಾರೆ. ಸಂಖ್ಯೆ ಕಡಿಮೆ, ನಡುನಡುವೆ ಬಿಡುವು, ಆದರೆ ನಿಂತಿಲ್ಲ. ಅದೇ ದೂರುಗಳು ಮಳೆ ಜೋರಾದ ಮೇಲೆ ಒಂದೇ ಸಮನೆ ಬಂದವೆನ್ನಿ, ಆಗ 'ಪೋರ್ ಇನ್'.

'ಸೀಪ್' ರೂಪಕವಾದಾಗ ಭಯ, ಸಂಶಯ, ಬೇಸರದಂಥವುಗಳ ಜೊತೆ ಚೆನ್ನಾಗಿ ಹೊಂದುತ್ತದೆ. ಯಾವಾಗ ಒಳಬಂತು ಎಂದು ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಎಲ್ಲೆಡೆ ಹರಡಿರುತ್ತದೆ, ನಿಮ್ಮ ಗೋಡೆಯ ತೇವದ ಹಾಗೆಯೇ. 'ಪರ್ಕೊಲೇಟ್' ವಿಚಾರಗಳಿಗೆ ಸಲ್ಲುತ್ತದೆ, ಬೇಗ ಆಗದಿದ್ದರೂ ಆಗುತ್ತದೆ ಎಂಬ ಭರವಸೆ ಅದರಲ್ಲಿದೆ. 'ಡ್ರಿಪ್ ಫೀಡ್' ಎಂದರೆ ಮಾಹಿತಿಯನ್ನು ಒಬ್ಬರು ಲೆಕ್ಕ ಹಾಕಿ ತೊಟ್ಟು ತೊಟ್ಟಾಗಿ ಬಿಡುವುದು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವುದನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ.

ಆಯ್ಕೆ ತಪ್ಪಿದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅಮೆರಿಕದ ರಾಜಕೀಯದಿಂದ ಒಂದು ನಿದರ್ಶನ ಕೊಡುತ್ತೇನೆ. ಸಿರಿವಂತರ ಕೈಯಲ್ಲಿ ಹಣ ಬೆಳೆದರೆ ಅದು ತಾನಾಗಿ ಬಡವರಿಗೆ ಇಳಿಯುತ್ತದೆ ಎಂಬ ವಾದವನ್ನು 1896ರಲ್ಲಿ ಶಿಕಾಗೊದ ಸಮಾವೇಶದಲ್ಲಿ ವಿಲಿಯಂ ಜೆನಿಂಗ್ಸ್ ಬ್ರಯಾನ್ ಖಂಡಿಸಿದಾಗ ಬಳಸಿದ ಕ್ರಿಯಾಪದ 'ಲೀಕ್'. ಮಹಾ ಆರ್ಥಿಕ ಕುಸಿತದ ನಡುವೆ, 1932ರಲ್ಲಿ, ವಿಲ್ ರೋಜರ್ಸ್ ಎಂಬ ಹಾಸ್ಯ ಬರಹಗಾರ ಅದೇ ಮಾತಿಗೆ 'ಟ್ರಿಕಲ್ ಡೌನ್' ಎಂದು ಬರೆದ. ಉಳಿದದ್ದು ಎರಡನೆಯದು. ನನಗೆ ಅನ್ನಿಸುವುದು, 'ಲೀಕ್' ಎಂದರೆ ಕೆಳಗಿನವರಿಗೆ ಹಣ ಹೋದದ್ದೇ ಒಂದು ದೋಷ ಎಂಬ ಅರ್ಥ ಬರುತ್ತದೆ. 'ಟ್ರಿಕಲ್' ಎಂದಾಗ ಹೋಗುವುದೇನೋ ಹೋಗುತ್ತದೆ, ಆದರೆ ಎಷ್ಟು ಸಣ್ಣ ಗೆರೆ ನೋಡಿ ಎಂಬ ಚುಚ್ಚು ಸರಿಯಾದ ಜಾಗಕ್ಕೆ ನಾಟುತ್ತದೆ. ಇಂದಿಗೂ 'ಟ್ರಿಕಲ್ ಡೌನ್' ಎಂಬುದನ್ನು ಹೆಚ್ಚಾಗಿ ಬಳಸುವವರು ಆ ವಾದವನ್ನು ಒಪ್ಪದವರು. ಕಚೇರಿಯ ಕಾಗದದಲ್ಲಿ ಅದನ್ನು ಬರೆದರೆ ನೀವು ಒಂದು ಪಕ್ಷ ಹಿಡಿದಂತೆ.

'ಫ್ಲೋ ಸ್ಲೋಲಿ' ಎಂದು ಬರೆದು ಪಾರಾಗುವ ದಾರಿಯಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ. ಯಾರೂ ನಗುವುದಿಲ್ಲ. ಆದರೆ ನಿಮ್ಮ ವರದಿಯ ಜೀವವೇ ಹೋಗುತ್ತದೆ, ಏಕೆಂದರೆ ಆ ಕ್ರಿಯಾಪದದಲ್ಲೇ ನಿಮ್ಮ ರೋಗನಿರ್ಣಯ ಅಡಗಿದೆ. 'ಲೀಕ್' ಎಂದರೆ ಪ್ಲಂಬರ್ ಬರಬೇಕು, 'ಸೀಪ್' ಎಂದರೆ ಹೊರಗೋಡೆಯ ಕೆಲಸ ಆಗಬೇಕು. ಎರಡರ ಖರ್ಚೂ ಬೇರೆ, ಖರ್ಚು ಕೊಡಬೇಕಾದವರೂ ಬೇರೆಯಾಗಬಹುದು. ವಿಮೆಯ ಪ್ರಶ್ನೆ ಬಂದರಂತೂ ಇನ್ನೂ ಸೂಕ್ಷ್ಮ. ಪೈಪ್ ಅಥವಾ ಟ್ಯಾಂಕ್ ಒಡೆದು ಆದ ಹಾನಿಯನ್ನೂ ಕಾಲಕ್ರಮದಲ್ಲಿ ನಿಧಾನವಾಗಿ ಆದ ಹಾನಿಯನ್ನೂ ಅನೇಕ ಗೃಹವಿಮಾ ಪಾಲಿಸಿಗಳು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಹಾಗೆಂದು ಮಾಲೀಕರಿಗೆ ಅನುಕೂಲವಾಗುವ ಕ್ರಿಯಾಪದವನ್ನು ಹುಡುಕಲು ಹೋಗಬೇಡಿ. ಕಂಡದ್ದನ್ನು ಬರೆಯಿರಿ. ಕಾರಣ ಗೊತ್ತಾಗದಿದ್ದರೆ ಗೋಡೆ ಒದ್ದೆಯಾಗಿದೆ, ಮೂಲ ಇನ್ನೂ ಪತ್ತೆಯಾಗಿಲ್ಲ ಎಂದು ಸರಳವಾಗಿ ಬರೆಯುವುದೇ ಮೇಲು.

ಮೊಬೈಲ್‌ನ ಅನುವಾದಕದ ಮೊರೆ ಹೋಗುವವರೂ ಇದ್ದಾರೆ. ಪೂರ್ಣ ವಾಕ್ಯ ಕೊಟ್ಟರೆ ಅದು ಬಿಡಿ ಪದಕ್ಕಿಂತ ಉತ್ತಮ ಉತ್ತರ ಕೊಡುತ್ತದೆ, ಆದರೆ ನೀವು ಕನ್ನಡದಲ್ಲಿ ಸಡಿಲವಾಗಿ ಬರೆದರೆ ಅದೂ ಸಡಿಲವಾಗಿಯೇ ಬರೆಯುತ್ತದೆ. ಗೋಡೆಯಿಂದ ನೀರು ಬರುತ್ತಿದೆ ಎಂದರೆ ಅದು ಯಾವ ನೀರು ಎಂದು ತಿಳಿಯುವುದು ಹೇಗೆ? ಮೊದಲು ಕನ್ನಡದಲ್ಲಿ ಸೋರು, ಜಿನುಗು, ತೊಟ್ಟಿಕ್ಕು, ಇಂಗುಗಳಲ್ಲಿ ನಿಮಗೆ ಬೇಕಾದದ್ದನ್ನು ಆರಿಸಿಕೊಳ್ಳಿ. ಅಷ್ಟು ಮಾಡಿದರೆ ಅರ್ಧ ಕೆಲಸ ಮುಗಿದಂತೆಯೇ.

ಉಳಿದ ಅರ್ಧಕ್ಕೆ ನಾನು ಹೇಳುವುದು ಒಂದು ಪುಟ್ಟ ಪುಸ್ತಕ. ಅದರಲ್ಲಿ ಬಿಡಿ ಪದಗಳನ್ನು ಬರೆಯಬೇಡಿ, ಜೋಡಿಯನ್ನು ಬರೆಯಿರಿ. ಪೈಪಿನ ಜೊತೆ 'ಲೀಕ್', ತೇವದ ಜೊತೆ 'ಸೀಪ್ ಥ್ರೂ', ನಲ್ಲಿಯ ಜೊತೆ 'ಡ್ರಿಪ್', ಬಿರುಕಿಗೆ ತುಂಬಿದ ಸೀಲಂಟ್ ಹೊರಬಂದರೆ 'ಊಝ್'. ನಿಮ್ಮ ಸಂಸ್ಥೆಯ ಹಳೆಯ ಒಳ್ಳೆಯ ವರದಿಗಳಲ್ಲಿ, ಇಂಗ್ಲಿಷ್ ಪತ್ರಿಕೆಗಳಲ್ಲಿ ಕಣ್ಣಿಗೆ ಬಿದ್ದ ಹಾಗೆ ಸೇರಿಸುತ್ತ ಹೋಗಿ. ನಿಧಾನದ ದಾರಿ, ಮೊದಲ ಕೆಲವು ತಿಂಗಳು ಮತ್ತೆ ಕೆಂಪು ಗೆರೆ ಬೀಳಬಹುದು. ಆದರೆ ಹೀಗೆ ಕಲಿತದ್ದು ಮರೆಯುವುದಿಲ್ಲ. ರೂಪಕಗಳ ವಿಷಯದಲ್ಲಿ ಮಾತ್ರ ಅವಸರ ಬೇಡ. ಒಂದು ಬಳಕೆಯನ್ನು ಬೇರೆ ಬೇರೆಯವರ ಬರವಣಿಗೆಯಲ್ಲಿ ಕೆಲವು ಸಲ ಕಂಡ ಮೇಲೆ, ಹೊಗಳಿಕೆಗೆ ಬಂದಿದೆಯೋ ತೆಗಳಿಕೆಗೋ ಎಂದು ಖಚಿತವಾದ ಮೇಲೆ ಬಳಸಿ. ಅಲ್ಲಿಯವರೆಗೆ ಆಕೆ ಆತ್ಮವಿಶ್ವಾಸದ ಹೆಣ್ಣುಮಗಳು ಎಂದು ನೇರವಾಗಿ ಬರೆದರೆ ಕಾರ್ಡಿನ ಪ್ರೀತಿಗೇನೂ ಕಡಿಮೆಯಾಗದು.

ನಿಮ್ಮ ಹಿರಿಯರು ವರದಿಯ ಮೂರು ಗೆರೆಗಳಲ್ಲೂ ಸರಿ. ಅವರು ತಿದ್ದುವ ಮೊದಲೇ ಆ ವರದಿ ಮಾಲೀಕರಿಗೆ ಹೋಗಿದ್ದರೆ ಎರಡು ಸಾಲಿನ ತಿದ್ದುಪಡಿ ಕಳುಹಿಸಿ. ಬಾತ್‌ರೂಮಿನ ಜಾಯಿಂಟ್ ಲೀಕ್ ಆಗುತ್ತಿದೆ, ಮಲಗುವ ಕೋಣೆಯಲ್ಲಿ ಮಳೆನೀರು ಹೊರಗೋಡೆಯ ಮೂಲಕ ಸೀಪ್ ಆಗುತ್ತಿದೆ ಎಂದು ಸ್ಪಷ್ಟಪಡಿಸಿ. ಜಾಯಿಂಟನ್ನು ಈಗಲೇ ಸರಿಪಡಿಸಬಹುದು. ಹೊರಗೋಡೆಗೆ ಮಳೆ ಬಿಟ್ಟು, ಪ್ಲಾಸ್ಟರ್ ಪೂರ್ತಿ ಒಣಗುವವರೆಗೆ ಕಾಯಬೇಕಾಗುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮಾಲೀಕರಿಗೆ ಅದು ಗೊತ್ತಿರಲಾರದು, ಅದನ್ನೂ ಅದೇ ಕಾಗದದಲ್ಲಿ ಬರೆದುಬಿಡಿ.